ಮಳೆ ಬಂದ್ರೂ ನಿಲ್ಲದ ಸೈಕಲ್

ಜನವರಿ ತಿಂಗಳು, ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್. ಸೊನ್ನೆ ಡಿಗ್ರಿ ಆಸುಪಾಸಿನ ಚಳಿ, ಮೇಲಿಂದ ಜಿಟಿಜಿಟಿ ಮಳೆ. ಅಂಥ ಬೆಳಗ್ಗೆಯೂ ಅಲ್ಲಿನ ತಾಯಂದಿರು ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಾರೆ. ಹೇಗೆ ಗೊತ್ತಾ? ಸೈಕಲ್‌ನಲ್ಲಿ!

ಮುಂದೆ ಎರಡು ಚಕ್ರ, ಅದರ ನಡುವೆ ಮರದ ಪೆಟ್ಟಿಗೆ, ಒಳಗೆ ಮಕ್ಕಳಿಗೆ ಬೆಂಚು. ಇದೇ ಕಾರ್ಗೋ ಬೈಕ್. ಕಾರುಗಳಿಗೆ ಪ್ರವೇಶವಿಲ್ಲದ ಅಲ್ಲಿನ ಕ್ರಿಸ್ಟಿಯಾನಿಯಾ ಬಡಾವಣೆಯಲ್ಲಿ 1984ರಲ್ಲಿ ತಯಾರಾದ ಸೈಕಲ್, ಇವತ್ತು ಇಡೀ ನಗರದಲ್ಲಿ ಓಡಾಡ್ತಿದೆ.

ಮಕ್ಕಳು ನಡುಗಲ್ವಾ ಅಂತೀರಾ? ಇಲ್ಲೇ ಇರೋದು ಗುಟ್ಟು. ಪೆಡಲ್ ತುಳಿಯೋರಿಗೆ ಮೈ ಬಿಸಿಯಾಗುತ್ತೆ, ಸುಮ್ಮನೆ ಕೂತ ಮಗುವಿಗೆ ಆಗಲ್ಲ. ಅದಕ್ಕೇ ಅಮ್ಮನಿಗೆ ತೆಳು ಬಟ್ಟೆ, ಮೇಲೊಂದು ರೇನ್‌ಕೋಟ್ ಸಾಕು. ಮಗುವಿಗೆ ಮಾತ್ರ ಉಣ್ಣೆ ಬಟ್ಟೆ, ಟೋಪಿ, ಕಾಲಿಗೆ ಕಂಬಳಿ. ಪೆಟ್ಟಿಗೆಗೆ ಪ್ಲಾಸ್ಟಿಕ್ ಕಿಟಕಿ ಇರುವ ಹೊದಿಕೆ. ಬೆರಳು ಮರಗಟ್ಟದಂತೆ ಹ್ಯಾಂಡಲ್‌ಗೇ ದಪ್ಪನೆಯ ಗವಸು.

ಬಟ್ಟೆಯಷ್ಟೇ ಸಾಲಲ್ಲ ನೋಡಿ. ಹಿಮ ಬಿದ್ದರೆ ಅಲ್ಲಿನ ನಗರಾಡಳಿತ ಮುಖ್ಯ ಸೈಕಲ್ ಪಥಗಳನ್ನು ಆದ್ಯತೆ ಮೇಲೆ ತೆರವು ಮಾಡುತ್ತೆ. ಆ ನಂಬಿಕೆ ಮೇಲೇ ತಾಯಿ ಮಗುವನ್ನು ಕೂರಿಸಿಕೊಂಡು ಹೊರಡ್ತಾಳೆ.

ಬೆಂಗಳೂರಿನ ಮಳೆಯಲ್ಲೂ ಅಪ್ಪಂದಿರು ಮಗುವನ್ನು ಸ್ಕೂಟರ್ ಮುಂದೆ ನಿಲ್ಲಿಸಿ, ತಮ್ಮ ರೇನ್‌ಕೋಟ್ ಒಳಗೇ ಮುಚ್ಚಿಕೊಂಡು ಹೋಗ್ತಾರೆ. ಪ್ರೀತಿಗೆ ಕೊರತೆಯಿಲ್ಲ. ಆದರೆ ನೀರು ಯಾವುದು, ಗುಂಡಿ ಯಾವುದು ಗೊತ್ತಾಗಲ್ಲ. ರೇನ್‌ಕೋಟ್ ನಾವೇ ಕೊಂಡ್ಕೋತೀವಿ ಸ್ವಾಮಿ, ರಸ್ತೆ ಕೊಡೋರು ಯಾರು?