ಒಲವೂ ವೃತ್ತಿಯೂ

2024ರ ಏಪ್ರಿಲ್ ತಿಂಗಳಿನಲ್ಲಿ ನಾವು ಕೊಡಗಿನ ನಾಪೋಕ್ಲಿಗೆ ಹೋಗಿದ್ದೆವು. ಕುಂಡ್ಯೋಳಂಡ ಮನೆತನದವರು ಅಲ್ಲಿ ನಡೆಸುತ್ತಿದ್ದ ಹಾಕಿ ಉತ್ಸವಕ್ಕೆ 360 ಕೊಡವ ಒಕ್ಕಗಳ, ಎಂದರೆ ಮನೆತನಗಳ, ತಂಡಗಳು ಬಂದಿದ್ದವು. ಮೈದಾನದ ಅಂಚಿನಲ್ಲಿ ನಮಗೆ ಪರಿಚಿತರಾದ ಕಾಫಿ ಬೆಳೆಗಾರರೊಬ್ಬರು ಮಗನೊಡನೆ ಕುಳಿತಿದ್ದರು. ಹುಡುಗ ಬಿ.ಕಾಂ. ಎರಡನೆಯ ವರ್ಷದವನು, ಓದನ್ನು ಬಿಟ್ಟು ಹಾಕಿಯನ್ನೇ ನಂಬಿ ಬಾಳಬೇಕೆಂಬ ಹಟ ಅವನದು. “ಆಟ ಅನ್ನ ಹಾಕುತ್ತದೆಯೆ? ನೀವೇ ಹೇಳಿ, ಮೇಷ್ಟ್ರೆ,” ಎಂದರು ತಂದೆ.

ಒಲಿದುದನ್ನೇ ವೃತ್ತಿಯಾಗಿ ಹಿಡಿಯತಕ್ಕದ್ದೆಂಬ ಮಾತು ಇಂದು ತರುಣರ ಬಾಯಲ್ಲೆಲ್ಲಾ ಇದೆ. ಆದರೆ ನಾವು ನೋಡುತ್ತಿದ್ದ ಆ ಉತ್ಸವವೇ ಬೇರೊಂದು ಪಾಠವನ್ನು ಹೇಳುವಂತಿತ್ತು. 1997ರಲ್ಲಿ ಕರಡ ಗ್ರಾಮದಲ್ಲಿ ಅದನ್ನು ಮೊದಲು ನಡೆಸಿದ ಪಾಂಡಂಡ ಕುಟ್ಟಪ್ಪನವರು ಬ್ಯಾಂಕಿನ ನೌಕರಿಯಿಂದ ಜೀವನ ಸಾಗಿಸಿದವರು. ಹಾಕಿಯ ತೀರ್ಪುಗಾರಿಕೆ ಅವರ ಒಲವು. ಅದಕ್ಕೂ ಹಿಂದೆ, ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನೂ ನಡೆನುಡಿಗಳನ್ನೂ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಇವರ ಒಲವು ಇವರಿಗೆ ಸಂಬಳ ತರಲಿಲ್ಲ. ನಾಡಿಗೆ ಮಾತ್ರ ಬೆಲೆಕಟ್ಟಲಾಗದ ಫಲವನ್ನು ತಂದಿತು.

ಹಾಗಾದರೆ ತಂದೆಯ ಪಕ್ಷವೇ ಗೆದ್ದಿತೆ? ಇಲ್ಲ. ಒಲವುಗಳಲ್ಲಿ ಕಾಯುವಂಥವು ಕೆಲವು, ಕಾಯದಂಥವು ಕೆಲವು. ಸಂಗ್ರಹಕಾರನು ನಲವತ್ತರಲ್ಲಿಯೂ ಲೇಖನಿ ಹಿಡಿಯಬಹುದು. ಆಟಗಾರನ ಕಾಲುಗಳಿಗೆ ಅಷ್ಟು ಅವಧಿಯಿಲ್ಲ. ನಾವು ಇಪ್ಪತ್ತರ ಪ್ರಾಯದಲ್ಲಿ ಪಿಟೀಲು ಅಭ್ಯಾಸ ಮಾಡುತ್ತಿದ್ದೆವು. ‘ಮೊದಲು ಕೆಲಸ ಸಿಗಲಿ’ ಎಂದು ಅದನ್ನು ಪೆಟ್ಟಿಗೆಯಲ್ಲಿಟ್ಟೆವು. ಕೆಲಸವೇನೋ ಸಿಕ್ಕಿತು, ಅದರಲ್ಲಿ ನಮಗೆ ಸುಖವೂ ಉಂಟು. ಆದರೆ ಈಗ ಪೆಟ್ಟಿಗೆ ತೆರೆದರೆ ಬೆರಳು ಹೇಳಿದಂತೆ ಕೇಳುವುದಿಲ್ಲ. ಆ ನಷ್ಟವನ್ನು ಯಾರ ಮೇಲೂ ಹೊರಿಸಲಾರೆವು.

ಆದುದರಿಂದ ಒಲವೋ ಅನ್ನವೋ ಎಂದು ಎರಡಾಗಿ ಸೀಳುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು. ಈ ಒಲವು ಕಾಯಬಲ್ಲುದೆ? ಹಿಡಿಯುವ ಕೆಲಸವು ಸಂಜೆಯ ಎರಡು ಗಂಟೆಯನ್ನಾದರೂ ನಮಗೆ ಉಳಿಸುವುದೆ? ನಮಗೆ ಪ್ರಿಯವಾದುದು ಅದರ ಕೀರ್ತಿಯೋ, ನಿತ್ಯದ ದುಡಿಮೆಯೋ? 1973ರ ವಿಶ್ವಕಪ್ಪಿನಲ್ಲಿ ಭಾರತದ ಹಾಕಿ ತಂಡವನ್ನು ನಡೆಸಿದ ಕೊಡಗಿನ ಎಂ. ಪಿ. ಗಣೇಶರು ಸೈನ್ಯದ ಸೇವೆಯಲ್ಲಿದ್ದವರು. ಸೈನ್ಯ, ರೈಲ್ವೆ ಮೊದಲಾದವು ಆಟಗಾರರಿಗೆ ಇಂದಿಗೂ ಉದ್ಯೋಗ ಕೊಡುತ್ತವೆ. ಆದರೆ ಆ ಸ್ಥಾನಗಳು ಕೆಲವೇ, ಬಯಸುವವರು ಬಹುಮಂದಿ.

ಹುಡುಗನನ್ನು ನಾವು ಮೂರನೆಯದನ್ನೇ ಮೊದಲು ಕೇಳಿದೆವು. “ನೋಡಲು ಯಾರೂ ಬಾರದ ಮಳೆಗಾಲದ ಬೆಳಗಿನಲ್ಲಿಯೂ ಓಡುವೆಯಾ?”

“ಈಗಲೂ ಓಡುತ್ತೇನೆ, ಸರ್,” ಎಂದನು. ತಂದೆ ಮೈದಾನದ ಕಡೆಯಿಂದ ದೃಷ್ಟಿಯನ್ನು ತೆಗೆಯಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಪದವಿಯನ್ನು ಮುಗಿಸುವುದು, ಅನಂತರ ಎರಡು ವರ್ಷ ಪೂರ್ತಿಯಾಗಿ ಆಟಕ್ಕೇ ಕೊಡುವುದು ಎಂದು ತೀರ್ಮಾನವಾಯಿತು.

“ಎರಡು ವರ್ಷದ ಮೇಲೆ?” ಎಂದರು ತಂದೆ.

“ಆಗ ಮತ್ತೆ ಇಲ್ಲಿಯೇ ಕುಳಿತು ಮಾತನಾಡೋಣ. ಸೋತು ಬಂದರೂ ಮನೆಯ ಬಾಗಿಲು ತೆರೆದಿರಲಿ,” ಎಂದೆವು.