ಮಂತ್ರಿಯಾಗದ ಶಾಸಕ: ಶಾಂತವೇರಿ ಗೋಪಾಲಗೌಡರು
(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



‘ಜನಪ್ರತಿನಿಧಿ ಹೇಗಿರಬೇಕು’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ಉಪದೇಶ ಮಾಡುವುದಕ್ಕಿಂತ ನಮ್ಮ ಜಿಲ್ಲೆಯವರೇ ಆದ ಒಬ್ಬ ಶಾಸಕರ ವಿಚಾರ ಹೇಳುವುದು ಮೇಲು ಅನ್ನಿಸಿತು. ಅವರು ಶಾಂತವೇರಿ ಗೋಪಾಲಗೌಡರು. ಹಿರಿಯರಿಗೆ ಅವರ ಪರಿಚಯ ಬೇಕಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗಾಗಿ ಹೇಳುತ್ತೇನೆ.

ಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಬಡವರ ಮನೆ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಇಳಿದು ಜೈಲು ಕಂಡರು. ಆಮೇಲೆ ಸಮಾಜವಾದಿ ಪಕ್ಷ ಸೇರಿ, ಸಾಯುವವರೆಗೂ ಸಮಾಜವಾದಿಯಾಗಿಯೇ ಉಳಿದರು.

ಅವರನ್ನು ನಾಯಕರನ್ನಾಗಿ ಮಾಡಿದ್ದು ಸಾಗರ ತಾಲ್ಲೂಕಿನ ಕಾಗೋಡು. ಅಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಸರಿಯಾದ ಅಳತೆಗಿಂತ ದೊಡ್ಡದಾಗಿತ್ತು. ವರ್ಷವಿಡೀ ಗೇಯ್ದವನ ಕಣದಿಂದ ಹೀಗೆ ಹೆಚ್ಚಿಗೆ ಹೋದ ಭತ್ತಕ್ಕೆ ಲೆಕ್ಕವೇ ಇರಲಿಲ್ಲ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಗ್ಗೂಡಿಸಿದರು. ನ್ಯಾಯವಾದ ಅಳತೆ ಕೇಳಿದ್ದಕ್ಕೆ ರೈತರನ್ನು ಗದ್ದೆಯಿಂದಲೇ ಎಬ್ಬಿಸಲಾಯಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಗೌಡರು ಮುಂದೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಆದರೂ ಚಳವಳಿ ಅಂದಿಗೆ ಗೆಲ್ಲಲಿಲ್ಲ.

ಆದರೆ 1952ರ ಚುನಾವಣೆಯಲ್ಲಿ ಆ ಜನರೇ ಗೌಡರನ್ನು ಸಾಗರ-ಹೊಸನಗರದಿಂದ ವಿಧಾನಸಭೆಗೆ ಕಳಿಸಿದರು. ಎದುರಾಳಿ ಕಾಂಗ್ರೆಸ್ಸಿನ ಹಿರಿಯರಾದ ಎ. ಆರ್. ಬದರಿನಾರಾಯಣರು. ಗೌಡರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ, ಕೈಯಲ್ಲಿ ದುಡ್ಡೂ ಇರಲಿಲ್ಲ. ‘ಒಂದು ಓಟು, ಒಂದು ನೋಟು’ ಎಂದು ಅವರು ಕೇಳುತ್ತಿದ್ದ ಮಾತು ಇಂದಿಗೂ ಮಲೆನಾಡಿನಲ್ಲಿ ಉಳಿದಿದೆ. ಓಟು ಹಾಕುವವನೇ ಖರ್ಚಿಗೂ ಒಂದು ರೂಪಾಯಿ ಕೊಡುತ್ತಿದ್ದ ಕಾಲ ಅದು. ಈಗ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎನ್ನುವುದು ನಿಮಗೇ ಗೊತ್ತು.

1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಮೂರು ಅವಧಿಯಲ್ಲೂ ಕೂತದ್ದು ವಿರೋಧ ಪಕ್ಷದ ಸಾಲಿನಲ್ಲೇ. ಮಂತ್ರಿಯಾಗಲಿಲ್ಲ. ಕಾಯಿಲೆಯಿಂದ ಬಳಲಿ 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ 49 ವರ್ಷ.

ಹಾಗಾದರೆ ಅವರು ಮಾಡಿದ್ದೇನು ಎಂದು ಯಾರಾದರೂ ಕೇಳಬಹುದು. ಅವರ ಹೆಸರಿನ ಶಂಕುಸ್ಥಾಪನೆ ಕಲ್ಲು ಹುಡುಕಿದರೆ ಉತ್ತರ ಸಿಗುವುದಿಲ್ಲ. ವಿರೋಧ ಪಕ್ಷದ ಶಾಸಕನ ಕೈಯಲ್ಲಿ ಇಲಾಖೆಯಿಲ್ಲ, ಸಹಿ ಮಾಡುವ ಕಡತವಿಲ್ಲ. ಅವನಿಗಿರುವುದು ಪ್ರಶ್ನೆ ಕೇಳುವ ಹಕ್ಕು, ಚರ್ಚೆಯಲ್ಲಿ ಮಾತನಾಡುವ ಹಕ್ಕು. ಗೌಡರು ಆ ಹಕ್ಕನ್ನು ಪೂರ್ತಿ ಬಳಸಿದರು. ಗೇಣಿದಾರನ ಕಷ್ಟವನ್ನು ಕಣದಿಂದ ಸದನಕ್ಕೆ ಒಯ್ದರು. ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕು ಎಂದು ವಾದಿಸಿದರು.

ಫಲ ಬಂದದ್ದು ಅವರು ಹೋದ ಮೇಲೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿಯೇ ರದ್ದಾಯಿತು. ಸಹಿ ಅರಸರದು, ಶ್ರೇಯಸ್ಸೂ ಅವರಿಗೆ ಸಲ್ಲಬೇಕು. ಆದರೆ ಆ ನೆಲ ಹದ ಮಾಡಿದವರಲ್ಲಿ ಕಾಗೋಡಿನ ರೈತರಿದ್ದರು, ಗೌಡರಿದ್ದರು. ಅವರ ಸಮಾಜವಾದಿ ಬಳಗದಿಂದ ಬಂದ ಎಸ್. ಬಂಗಾರಪ್ಪ ಮತ್ತು ಜೆ. ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು.

ಬಂಧುಗಳೇ, ನಮ್ಮ ಶಾಲೆಗೂ ಆ ಕಾನೂನಿಗೂ ಒಂದೇ ವಯಸ್ಸು. ನಾನು ಇಲ್ಲಿ ಮೊದಲ ತಂಡದ ವಿದ್ಯಾರ್ಥಿ. ನಮ್ಮಪ್ಪ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಗೆ ಅಲೆದು, ತಾವು ಉಳುತ್ತಿದ್ದ ಗದ್ದೆಗೆ ಹಕ್ಕು ಪಡೆದರು. ಅದಾದ ಮೇಲೆ ನನ್ನ ತಮ್ಮ, ತಂಗಿ ಇಬ್ಬರೂ ಈ ಹೈಸ್ಕೂಲಿನ ಮೆಟ್ಟಿಲು ಹತ್ತಿದರು. ಹಾಗೆ ಬಂದವರು ಈ ಸಭೆಯಲ್ಲಿ ಎಷ್ಟೋ ಜನರಿದ್ದೀರಿ. ಅದೇ ಕಾನೂನಿನಿಂದ ಇದ್ದ ತುಂಡು ಗದ್ದೆ ಕಳೆದುಕೊಂಡ ಸಣ್ಣ ಹಿಡುವಳಿಯ ಮನೆಗಳೂ ನಮ್ಮೂರಲ್ಲಿವೆ. ಅವರ ನೋವೂ ಸುಳ್ಳಲ್ಲ. ಆ ಮನೆಗಳ ಮಕ್ಕಳೂ ನಮ್ಮ ಜೊತೆ ಇದೇ ಬೆಂಚಿನಲ್ಲಿ ಕೂತು ಓದಿದರು ಎಂಬುದು ಈ ಶಾಲೆಯ ದೊಡ್ಡತನ.

ವಿದ್ಯಾರ್ಥಿಗಳೇ, ಇನ್ನು ಕೆಲವೇ ವರ್ಷಗಳಲ್ಲಿ ನಿಮಗೆ ಓಟು ಬರುತ್ತದೆ. ಓಟು ಕೇಳಲು ಬಂದವರನ್ನು ‘ನಮಗೆ ಏನು ಕೊಡುತ್ತೀರಿ’ ಎಂದಷ್ಟೇ ಕೇಳಬೇಡಿ. ‘ಸದನದಲ್ಲಿ ಯಾರ ಪರವಾಗಿ ಏನು ಮಾತಾಡಿದಿರಿ’ ಎಂದೂ ಕೇಳಿ. ಉತ್ತರ ಕೇಳಿದ ಮೇಲೆ ನಿಮಗೆ ಸರಿ ಕಂಡವರಿಗೆ ಓಟು ಹಾಕಿ.