ವಿ.ಇ.ಪಿ. ಪರೀಕ್ಷೆ: ಪರದೆಯ ಮೇಲಿನ ಆ ಶಿಖರ ಏನು ಹೇಳುತ್ತದೆ?

(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಡೆದ ಆರೋಗ್ಯ ತಿಳುವಳಿಕೆ ಕಾರ್ಯಕ್ರಮದಲ್ಲಿ ಶುಶ್ರೂಷಾ ಬೋಧಕಿಯವರು ಆಡಿದ ಮಾತುಗಳು)



ಪೂಜ್ಯರ ಆಶೀರ್ವಾದದಿಂದ ನಡೆಯುವ ಈ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಾಣಂತಿಯರ ಆರೈಕೆ ಇಂಥ ವಿಷಯಗಳನ್ನು ತೆಗೆದುಕೊಳ್ಳುತ್ತೇವೆ. ಇವತ್ತು ಸ್ವಲ್ಪ ಬೇರೆ ವಿಷಯ. ಕಣ್ಣಿನ ಡಾಕ್ಟರು ಅಥವಾ ನರರೋಗದ ಡಾಕ್ಟರು ನಿಮ್ಮಲ್ಲಿ ಕೆಲವರಿಗೆ ವಿ.ಇ.ಪಿ. ಎಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಿಸ್ಟರ್, ತಲೆಗೆ ಕರೆಂಟು ಕೊಡ್ತಾರಂತೆ, ಹೌದೇನ್ರಿ?"

ಇಲ್ಲ. ತಲೆಗೆ ಏನನ್ನೂ ಕೊಡುವುದಿಲ್ಲ. ನಿಮ್ಮ ಮೆದುಳು ತಾನಾಗಿಯೇ ಹುಟ್ಟಿಸುವ ಅತಿ ಸಣ್ಣ ವಿದ್ಯುತ್ತನ್ನು ಅಳೆಯುತ್ತಾರೆ, ಅಷ್ಟೇ. ಮನಸ್ಸಿನೊಳಗಿನ ಮಾತು ಯಂತ್ರಕ್ಕೆ ಗೊತ್ತಾಗುತ್ತದೆ ಎಂಬ ಹೆದರಿಕೆಯೂ ಬೇಡ. ಅದು ಅಷ್ಟು ಜಾಣ ಯಂತ್ರವಲ್ಲ.

ನಿಮ್ಮನ್ನು ಒಂದು ಪರದೆಯ ಮುಂದೆ ಕೂರಿಸುತ್ತಾರೆ. ಅದರ ಮೇಲೆ ಚದುರಂಗದ ಹಲಗೆಯಂತೆ ಕಪ್ಪು ಬಿಳಿ ಚೌಕಗಳು. ನಡುವೆ ಒಂದು ಚುಕ್ಕೆ. ಸೆಕೆಂಡಿಗೆ ಸುಮಾರು ಎರಡು ಸಲ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಆ ಚುಕ್ಕೆಯನ್ನು ನೋಡುತ್ತಿರಬೇಕು. ಚೌಕ ಬದಲಾದಾಗಲೆಲ್ಲ ಕಣ್ಣಿನಿಂದ ಸುದ್ದಿ ಹೊರಟು, ದೃಷ್ಟಿ ನರದ ಮೂಲಕ ತಲೆಯ ಹಿಂಭಾಗದ ಮೆದುಳಿಗೆ ಮುಟ್ಟುತ್ತದೆ. ನೋಡುವ ಕೆಲಸದ ಮುಖ್ಯ ಜಾಗ ಇರುವುದು ಹಿಂದೆ, ಹಿಂದಲೆಯಲ್ಲಿ. ಅದಕ್ಕೇ ಮುಖ್ಯ ತಂತಿಯನ್ನು ಅಲ್ಲಿ ಅಂಟಿಸುತ್ತಾರೆ.

ಆ ಸುದ್ದಿ ಎಷ್ಟು ಸಣ್ಣದು ಗೊತ್ತೇ? ಸುಮಾರು ಹತ್ತು ಮೈಕ್ರೋವೋಲ್ಟ್. ಟಾರ್ಚಿಗೆ ಹಾಕುವ ಒಂದು ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದೆ. ಅದನ್ನು ಒಂದೂವರೆ ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು. ಮೆದುಳಿನಲ್ಲಿ ಸದಾ ಏಳುವ ಬೇರೆ ಅಲೆಗಳು ಇದಕ್ಕಿಂತ ದೊಡ್ಡವಾಗಿರಬಹುದು. ದಾಸೋಹದ ಹೊತ್ತಿನಲ್ಲಿ, ಪಂಕ್ತಿಯೆಲ್ಲ ತುಂಬಿ ಗದ್ದಲವಿರುವಾಗ, ಮೂಲೆಯ ನಲ್ಲಿಯಿಂದ ಹನಿ ಬೀಳುವ ಸದ್ದು ಕೇಳಿಸಿಕೊಳ್ಳಬೇಕೆಂದರೆ ಹೇಗಾಗುತ್ತದೆ? ಹಾಗೆ.

ಇಲ್ಲಿ ಗಣಕಯಂತ್ರ ಸಹಾಯಕ್ಕೆ ಬರುತ್ತದೆ. ಚೌಕ ಬದಲಾದ ಪ್ರತಿ ಸಲವೂ ಅದು ಒಂದು ತುಣುಕು ಬರೆದುಕೊಳ್ಳುತ್ತದೆ. ಹಾಗೆ ನೂರು ತುಣುಕು ಕೂಡಿಸಿ ಸರಾಸರಿ ತೆಗೆಯುತ್ತದೆ. ಗದ್ದಲದ ಅಲೆ ಒಮ್ಮೆ ಮೇಲಿರುತ್ತದೆ, ಒಮ್ಮೆ ಕೆಳಗಿರುತ್ತದೆ. ಕೂಡಿಸಿದಾಗ ಒಂದನ್ನೊಂದು ಹೊಡೆದುಹಾಕುತ್ತದೆ. ಕಣ್ಣಿನ ಸುದ್ದಿ ಮಾತ್ರ ಪ್ರತಿ ಸಲವೂ ಅದೇ ಹೊತ್ತಿಗೆ ಬರುವುದರಿಂದ ಉಳಿಯುತ್ತದೆ. ನೂರು ಸಲ ಕೂಡಿಸಿದರೆ ಗದ್ದಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಆಗ ಪರದೆಯ ಮೇಲೆ ಒಂದು ಸಣ್ಣ ತಗ್ಗು, ಆಮೇಲೆ ಒಂದು ಶಿಖರ, ಮತ್ತೆ ಒಂದು ತಗ್ಗು ಕಾಣುತ್ತವೆ. ಆ ಶಿಖರಕ್ಕೆ ಪಿ-100 ಎಂದು ಹೆಸರು. ಚೌಕ ಬದಲಾದ ಸುಮಾರು 100 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ, ಅದು ಏಳುತ್ತದೆ. ಕೆಲವು ಕಡೆಯ ಯಂತ್ರಗಳಲ್ಲಿ ಇದೇ ಶಿಖರವನ್ನು ಕೆಳಮುಖವಾಗಿ ಬರೆಯುವ ರೂಢಿಯೂ ಇದೆ. ಎರಡು ಆಸ್ಪತ್ರೆಯ ಕಾಗದ ಜೋಡಿಸಿ ನೋಡಿ "ನಮ್ಮದು ತಲೆಕೆಳಗಾಗಿದೆ" ಎಂದು ಗಾಬರಿಯಾಗಬೇಡಿ.

ಇದರಿಂದ ಏನು ತಿಳಿಯುತ್ತದೆ? ನರದ ಮೇಲೆ ಕರೆಂಟು ವೈರಿನ ಪ್ಲಾಸ್ಟಿಕ್ಕಿನಂಥ ಒಂದು ಹೊದಿಕೆ ಇರುತ್ತದೆ. ಬಾವು ಬಂದು ಆ ಹೊದಿಕೆ ಹಾಳಾದರೆ ಸುದ್ದಿ ನಿಧಾನವಾಗಿ ಸಾಗುತ್ತದೆ, ಶಿಖರ ತಡವಾಗಿ ಏಳುತ್ತದೆ. ದೃಷ್ಟಿ ನರದ ಬಾವಿನಲ್ಲಿ ಹೀಗೆ ತಡವಾಗುವುದನ್ನು 1972ರಲ್ಲಿ ಲಂಡನ್ನಿನಲ್ಲಿ ಹ್ಯಾಲಿಡೇ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕಣ್ಣು ಮತ್ತೆ ಚೆನ್ನಾಗಿ ಕಾಣತೊಡಗಿದ ಮೇಲೂ ಈ ತಡ ಬಹಳ ಜನರಲ್ಲಿ ಹಾಗೆಯೇ ಉಳಿಯುತ್ತದೆ. "ಈಗ ಕಾಣಿಸ್ತದಲ್ಲ, ಮತ್ಯಾಕೆ ಪರೀಕ್ಷೆ?" ಎಂದು ಕೇಳುವವರಿಗೆ ಇದೇ ಉತ್ತರ. ಹಿಂದೆ ಬಂದು ಹೋದದ್ದರ ಗುರುತು ಅದರಲ್ಲಿ ಸಿಗಬಹುದು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಶಿಖರ ತಡವಾಯಿತು ಎಂದರೆ ನರ ಕೆಟ್ಟಿದೆ ಎಂದೇ ಅರ್ಥವಲ್ಲ.

ಡಿಪ್ಲೊಮಾ ಮುಗಿಸಿ ಬೇರೊಂದು ಊರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಕಾಲೇಜು ಓದುವ ಒಬ್ಬ ಹುಡುಗಿಯನ್ನು ತಲೆನೋವು, ಮಂಜು ದೃಷ್ಟಿ ಎಂದು ಕರೆತಂದಿದ್ದರು. ದಪ್ಪ ಗಾಜಿನ ಕನ್ನಡಕ. ತಂತಿ ಅಂಟಿಸಲು ಅಡ್ಡ ಬರುತ್ತದೆಂದು ಅದನ್ನು ತೆಗೆಸಿ ಅವಳ ಅಜ್ಜಿಯ ಕೈಗೆ ಕೊಟ್ಟವಳು ನಾನೇ. ಮತ್ತೆ ಹಾಕಿಸಬೇಕೆಂಬುದು ನನಗೆ ಹೊಳೆಯಲಿಲ್ಲ. ಪರೀಕ್ಷೆಯಾಯಿತು. ಎರಡೂ ಕಣ್ಣಿನ ಶಿಖರ ಗಿಡ್ಡ, ಎರಡೂ ತಡ. ಯಾರೋ ಕಾಗದ ನೋಡಿ "ನರದ ತೊಂದರೆ ಇರಬಹುದು, ಎಂ.ಆರ್.ಐ. ಬೇಕಾಗಬಹುದು" ಎಂದರು. ನಾಲ್ಕು ದಿನ ಆ ಮನೆಯವರು ಊಟ ಸರಿಯಾಗಿ ಮಾಡಲಿಲ್ಲ. ಹಣಕ್ಕಾಗಿ ಎಮ್ಮೆ ಮಾರುವ ಮಾತಾಗಿತ್ತು. ತಂದೆ ನನ್ನನ್ನು ವರಾಂಡದಲ್ಲಿ ನಿಲ್ಲಿಸಿ, "ಇವಳಿಗೆ ಮದುವೆ ಮಾಡಬಹುದೇನ್ರಿ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಹಿರಿಯ ಡಾಕ್ಟರು ಬಂದವರು ಕಾಗದಕ್ಕಿಂತ ಮೊದಲು ಹುಡುಗಿಯನ್ನು ನೋಡಿದರು. "ಈ ಕನ್ನಡಕ ಹಾಕಿಕೊಂಡೇ ಮಾಡಿದಿರಾ?" ಎಂದರು. ನಾನು ತಲೆ ತಗ್ಗಿಸಿದೆ. ಕನ್ನಡಕ ಹಾಕಿಸಿ ಮತ್ತೆ ಮಾಡಿದಾಗ ಎರಡೂ ಶಿಖರ ಇರಬೇಕಾದ ಜಾಗದಲ್ಲೇ ಎದ್ದವು. ಎಮ್ಮೆ ಹಟ್ಟಿಯಲ್ಲೇ ಉಳಿಯಿತು.

ಅವತ್ತು ಯಂತ್ರ ಸುಳ್ಳು ಹೇಳಿರಲಿಲ್ಲ. ಚೌಕ ಮಸುಕಾಗಿ ಕಂಡಿತ್ತು, ಮೆದುಳು ಮಸುಕಾಗಿಯೇ ಉತ್ತರ ಕೊಟ್ಟಿತ್ತು. ಯಾಕೆ ಮಸುಕು ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಶಿಖರ ಅಳೆಯುವಾಗಲೂ ಹೀಗೆಯೇ. ಒಂದು ಅವಧಿಯೊಳಗೆ ಅತಿ ಎತ್ತರದ ಬಿಂದು ಯಾವುದು ಎಂದು ಸಾಫ್ಟ್‌ವೇರ್ ಹುಡುಕಿ ಅಲ್ಲಿ ಒಂದು ಗೀಟು ಇಡುತ್ತದೆ. ಆದರೆ ಎತ್ತರದ್ದೆಲ್ಲ ಪಿ-100 ಆಗಬೇಕಿಲ್ಲ. ನೀವು ಹಲ್ಲು ಕಚ್ಚಿದ್ದರಿಂದ ಕುತ್ತಿಗೆ, ದವಡೆಯ ಸ್ನಾಯು ಬಿಗಿದು ಎದ್ದ ಮುಳ್ಳೂ ಅಲ್ಲಿ ಎತ್ತರವಾಗಿರಬಹುದು. ಕೆಲವರಲ್ಲಿ ಶಿಖರ ಎರಡು ಕೋಡಿನ ಗುಡ್ಡದಂತೆ ಸೀಳಿರುತ್ತದೆ. ಯಾವ ಕೋಡು ಅಳೆಯಬೇಕೆಂದು ಮನುಷ್ಯನೇ ನೋಡಿ ತೀರ್ಮಾನಿಸಬೇಕು. ಅದಕ್ಕಾಗಿ ಪ್ರತಿ ಕಣ್ಣಿಗೆ ಕನಿಷ್ಠ ಎರಡು ಸಲ ಮಾಡಿ, ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಕೂಡಿಕೊಂಡರೆ ನಂಬಬಹುದು. ಕೂಡದಿದ್ದರೆ ಮತ್ತೊಮ್ಮೆ. "ಇನ್ನೊಂದು ಸಲ ಮಾಡೋಣ" ಎಂದು ತಂತ್ರಜ್ಞರು ಹೇಳಿದರೆ ದೊಡ್ಡ ರೋಗ ಸಿಕ್ಕಿದೆ ಎಂದಲ್ಲ. ನಿಮ್ಮ ಮೇಲೆ ತಪ್ಪು ಹಣೆಪಟ್ಟಿ ಬೀಳಬಾರದು ಎಂಬ ಕಾಳಜಿ ಅದು.

ಪಕ್ಕದ ಮನೆಯವರ ಅಂಕಿಯ ಜೊತೆ ನಿಮ್ಮದನ್ನು ಹೋಲಿಸಬೇಡಿ. ಪರದೆಯ ಬೆಳಕು, ಚೌಕದ ಗಾತ್ರ ಬದಲಾದರೆ ಅಂಕಿ ಬದಲಾಗುತ್ತದೆ. ಅದಕ್ಕೇ ಪ್ರತಿಯೊಂದು ಪ್ರಯೋಗಾಲಯಕ್ಕೂ ತನ್ನದೇ ಮಿತಿ ಇರುತ್ತದೆ. ಚಿಕ್ಕ ಮಕ್ಕಳಲ್ಲಿ, ವಯಸ್ಸಾದವರಲ್ಲಿ ಶಿಖರ ಸ್ವಲ್ಪ ತಡ. ಎತ್ತರವಂತೂ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ಡಾಕ್ಟರು ಹೆಚ್ಚು ಗಮನಿಸುವುದು ಹೊತ್ತನ್ನು, ಮತ್ತು ನಿಮ್ಮದೇ ಎರಡು ಕಣ್ಣುಗಳ ನಡುವಿನ ವ್ಯತ್ಯಾಸವನ್ನು.

ಇನ್ನು ನಿಮ್ಮ ಕೈಯಲ್ಲಿರುವುದು. ಕನ್ನಡಕ ಇದ್ದವರು ಖಂಡಿತ ತನ್ನಿ; ಯಾರಾದರೂ ತೆಗೆಸಿದರೆ ನೀವೇ ಕೇಳಿ ಮತ್ತೆ ಹಾಕಿಕೊಳ್ಳಿ. ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಬನ್ನಿ. ಎಣ್ಣೆಯಿದ್ದರೆ ತಂತಿ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಅಜ್ಜಿಯಂದಿರಿಗೆ ಇದನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ನನಗೆ ಗೊತ್ತು. ಪಾಪೆ ಹಿಗ್ಗಿಸುವ ಹನಿಯನ್ನು ಅದೇ ದಿನ ಕಣ್ಣಿಗೆ ಹಾಕಿದ್ದರೆ ತಪ್ಪದೆ ತಿಳಿಸಿ. ದಿನದ ಔಷಧಿಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಬಾಯಲ್ಲಿ ಎಲೆ ಅಡಿಕೆ ಬೇಡ. ರಾತ್ರಿ ಚೆನ್ನಾಗಿ ಮಲಗಿ. ಕುರ್ಚಿಯಲ್ಲಿ ತೂಕಡಿಸಿದರೆ ನೋಟ ಚುಕ್ಕೆಯಿಂದ ಜಾರುತ್ತದೆ, ಮೆದುಳಿನ ಆಲ್ಫಾ ಅಲೆಗಳು ಎದ್ದು ಶಿಖರವನ್ನು ಮುಚ್ಚುತ್ತವೆ.

ದೃಷ್ಟಿ ನಿಲ್ಲಿಸುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದಿನವೂ ಪೂಜೆ ಮಾಡುವವರಿಗೆ ನಾನು ಏನು ಹೇಳಿಕೊಡಲಿ? ಹಾಗೆಯೇ ನೋಡಿ. ರೆಪ್ಪೆ ಬಡಿಯಬಾರದೆಂದು ಕಣ್ಣು ನೋಯಿಸಿಕೊಳ್ಳುವುದೂ ಬೇಡ, ರೆಪ್ಪೆ ಬಡಿದ ತುಣುಕುಗಳನ್ನು ಸಾಫ್ಟ್‌ವೇರ್ ಬದಿಗಿಡಬಲ್ಲದು. ಚುಕ್ಕೆ ಮಸುಕಾಗಿ ಕಂಡರೆ, ನಿದ್ದೆ ಬಂದರೆ, ಸುಮ್ಮನೆ ಕೂರಬೇಡಿ, ಬಾಯಿಬಿಟ್ಟು ಹೇಳಿ. ಅಲ್ಲಿಗೇ ನಿಲ್ಲಿಸಿ, ನೀರು ಕುಡಿದು, ಮತ್ತೆ ಶುರು ಮಾಡಬಹುದು. ತಂತಿ ಅಂಟಿಸುವುದೂ ಸೇರಿ ಅರ್ಧ ಮುಕ್ಕಾಲು ಗಂಟೆಯ ಕೆಲಸ.

ನಾಳೆ ಪರೀಕ್ಷೆ ಇರುವವರು ಈಗ ಕೈ ಎತ್ತಿ. ಕನ್ನಡಕ ಊರಲ್ಲೇ ಬಿಟ್ಟು ಬಂದವರು ಯಾರಿದ್ದೀರಿ? ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ತರಿಸಲು ಆಗುವುದಿಲ್ಲವಾದರೆ ತಾರೀಖು ಬದಲಿಸಿಕೊಡಲು ಕೇಳೋಣ.